ಎರಡು ಲೈನು, ಒಬ್ಬ ಅಂಜುಬುರುಕ

ಮಸ್ಕಿಯಲ್ಲಿ ನಮ್ಮ ಸೋದರಮಾವನಷ್ಟು ಅಂಜುಬುರುಕ ಇನ್ನೊಬ್ಬನಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಹೊರಟ ಕಾಲು ಒಳಗಿಡುತ್ತಿದ್ದ. ಬಸ್ಸು ಹತ್ತುವ ಮೊದಲು ಡ್ರೈವರನ ಮುಖ ನೋಡಿ, ನಿದ್ದೆ ಆಗಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದ. ಇಂಥವನ ಕೈಗೆ ಸರ್ಕಾರ ಕೊಟ್ಟಿದ್ದೇನು? ಇಡೀ ಊರಿನ ಟೆಲಿಫೋನು!

ಎಂಬತ್ತರ ದಶಕದ ಮಾತು. ನಾನು ಅಲ್ಲಿ ಟೀಚರಾಗಿ ಸೇರಿ ಮಾವ-ಅತ್ತೆಯ ಮನೆಯಲ್ಲೇ ಇದ್ದೆ. ಮಾವ ಆಪರೇಟರಾಗಿದ್ದ ಎಕ್ಸ್‌ಚೇಂಜು ಪಕ್ಕದಲ್ಲೇ. ಊರಿನಿಂದ ಹೊರಗೆ ಎರಡೇ ಲೈನು: ಒಂದು ಲಿಂಗಸುಗೂರಿಗೆ, ಇನ್ನೊಂದು ಸಿಂಧನೂರಿಗೆ. ರಾಯಚೂರಿನ ಕರೆ ಯಾವ ಕಡೆಯಿಂದಾದರೂ ಹೋಗುತ್ತಿತ್ತು. ಮೊದಲು ಲಿಂಗಸುಗೂರು, ಅದು ತುಂಬಿದರೆ ಸಿಂಧನೂರು ಎಂಬುದು ಮೇಲಿನವರ ಹುಕುಂ. ಮಾವ ಮಾತ್ರ ಒಂದು ಕರೆ ಅತ್ತ, ಒಂದು ಇತ್ತ ಹಚ್ಚುತ್ತಿದ್ದ. “ಒಂದ ಎತ್ತಿನ ಮ್ಯಾಲೆ ನೊಗ ಹೊರಿಸಿದ್ರ ಅದರ ಹೆಗಲ ಉಳದೀತೇನು?” ಎನ್ನುತ್ತಿದ್ದ.

ಲೈನು ಉಳಿದಿದೆಯೋ ಇಲ್ಲವೋ ಎಂಬ ಭಯ ಬೇರೆ. ಕೈ ಖಾಲಿಯಾದಾಗಲೆಲ್ಲ ಪ್ಲಗ್ಗು ಸಿಕ್ಕಿಸಿ, “ಲಿಂಗಸುಗೂರ, ಅದೀರೇನ್ರೀ?” ಎಂದು ವಿಚಾರಿಸುತ್ತಿದ್ದ.

“ಈಗರ ಕೇಳಿದ್ರಲ್ಲ ಅಣ್ಣಾರ, ಅಷ್ಟರಾಗ ಎಲ್ಲಿ ಸಾಯ್ಲಿ?” ಎಂದು ಅಲ್ಲಿಯ ಆಪರೇಟರ್ ಹೆಣ್ಣುಮಗಳು ಬೇಸತ್ತು ಹೇಳುತ್ತಿದ್ದಳು.

ಒಮ್ಮೆ ಆಕೆ ಬೇಕೆಂದೇ ಸುಮ್ಮನಿದ್ದಳು. ಲೈನು ಸತ್ತಿತೆಂದು ಹೆದರಿದ ಮಾವ ಎಲ್ಲ ಕರೆಗಳನ್ನೂ ಸಿಂಧನೂರಿಗೆ ತಿರುಗಿಸಿದ. ಸಿಂಧನೂರಿನ ಲೈನಿಗೆ ಉಸಿರುಗಟ್ಟಿತು. ಹತ್ತಿ ವ್ಯಾಪಾರಿಗಳು ಬಾಗಿಲಲ್ಲಿ ಬಾಯಿ ಮಾಡತೊಡಗಿದರು. ಸಂಜೆ ಆಕೆಯೇ ಗಾಬರಿಯಾಗಿ ರಿಂಗ್ ಮಾಡಿದಳು: “ಮಸ್ಕಿ, ಇವತ್ತ ಯಾಕ ಕೇಳವಲ್ರಿ? ಆರಾಮ ಅದೀರಿಲ್ಲ?”

ಗಾಳಿಗೆ ತಂತಿ ತಂತಿಗೆ ತಾಕಿದರೆ ಎರಡು ಲೈನಿನ ಮಾತು ಕಲೆತುಬಿಡುತ್ತಿತ್ತು. ಬೀಗರಾಗುವವರು “ಹುಡುಗಿ ಹ್ಯಾಂಗದಾಳ್ರೀ?” ಎಂದರೆ, ಮುದಗಲ್ಲಿನ ಯಾರೋ ಎಮ್ಮೆ ಮಾರುತ್ತ, “ನಾಕ ಹಲ್ಲಾಗ್ಯಾವ, ಒದಿಯಂಗಿಲ್ಲ” ಎನ್ನುತ್ತಿದ್ದರು. ಲೈನ್‌ಮನ್ ಕಂಬ ಹತ್ತಿ ತಂತಿ ಬಿಡಿಸುವಾಗ ಮಾವ ಕೆಳಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದ.

ಅತ್ತೆ ಸಂಜೆಯ ಬಸ್ಸಿಗೆ ಸಿಂಧನೂರಿಗೆ ಹೊರಟ ದಿನ ಗುಡುಗು-ಮಳೆ. ಲಿಂಗಸುಗೂರಿನ ಲೈನು ಈ ಸಲ ನಿಜವಾಗಿಯೇ ಸತ್ತಿತು. ಅಷ್ಟರಲ್ಲಿ ಮೋಟಾರ್ ಸೈಕಲ್ಲಿನವನೊಬ್ಬ ಸುದ್ದಿ ತಂದ: ಅದೇ ಬಸ್ಸು ಜಾರಿ ಕಾಲುವೆಗೆ ಬಿದ್ದಿದೆ, ಮಂದಿಯನ್ನು ಸಿಂಧನೂರಿಗೆ ಒಯ್ದಿದ್ದಾರೆ.

ಊರೇ ಎಕ್ಸ್‌ಚೇಂಜಿಗೆ ನುಗ್ಗಿತು. ಎಲ್ಲರಿಗೂ ಸಿಂಧನೂರಿನ ದವಾಖಾನೆಯೇ ಬೇಕು, ಉಳಿದದ್ದು ಒಂದೇ ಲೈನು. ಮಾವ ಎದ್ದು ನಿಂತು ಹೆಡ್‌ಸೆಟ್ ಹಾಕಿಕೊಂಡ.

“ಒಬ್ಬೊಬ್ಬರ ಮಾತಾಡಿದ್ರ ಕಡೀಗೆ ನಿಂತವರು ಎದಿ ಒಡಕೊಂಡು ಸಾಯ್ತಾರ,” ಎಂದ. “ಹೆಸರ ಹೇಳ್ರಿ. ಎಲ್ಲಾರದೂ ನಾನ ಕೇಳ್ತೀನಿ.”

ಅವರು ಹೇಳಿದ ಒಂದೊಂದೇ ಹೆಸರು ಹಿಡಿದು ದವಾಖಾನೆಯವರನ್ನು ಕೇಳಿದ. “ಕೈ ಮುರದದಂತ, ಜೀವಕ್ಕೇನಿಲ್ಲ.” “ನಿನ್ನ ಮಗಳು ಹಾಲು ಕುಡದಾಳಂತ, ಅಳಬ್ಯಾಡ.” ಒಬ್ಬೊಬ್ಬರೇ ಕಣ್ಣೊರೆಸಿಕೊಂಡು ಹಿಂದೆ ಸರಿದರು. ಕೊನೆಗೆ ಕೇಳುವವರು ಯಾರೂ ಉಳಿಯಲಿಲ್ಲ. ಮಾವ ಹೆಡ್‌ಸೆಟ್ ಬಿಚ್ಚಿ ನನ್ನ ಕೈಗಿಟ್ಟ.

“ಒಂದ ಹೆಸರ ಉಳದದ. ನೀ ಕೇಳವ್ವ. ನನ್ನ ಕಡಿಂದ ಆಗಂಗಿಲ್ಲ.”

ಅತ್ತೆಯ ಹೆಸರು ಹೇಳಿದೆ. ಆ ಹೆಸರಿನವರು ಬಂದಿಲ್ಲ ಎಂದರು. ಮಾವ ನನ್ನ ತುಟಿಗಳನ್ನೇ ನೋಡುತ್ತಿದ್ದ. ಆಗ ನಡುವೆ ಸಿಂಧನೂರಿನ ಆಪರೇಟರ್ ಬಾಯಿ ಹಾಕಿದ.

“ಮಸ್ಕಿ, ಅಮ್ಮಾರು ಇಲ್ಲೇ ನನ್ನ ಬಾಜೂಕ ಕುಂತಾರ. ಕಾಲುವಿಂದ ಎದ್ದು ಸೀದಾ ಇಲ್ಲಿಗೇ ಬಂದಾರ. ಒಂದ ಲೈನ್ ಅದ, ಮಂದೀದು ಮೊದಲ ಮುಗೀಲಿ ಅಂದ್ರು.”

ಮುಂದೆ ಕೇಳಿದ್ದು ಅತ್ತೆಯ ದನಿ, ಚಳಿಗೆ ನಡುಗುತ್ತಿತ್ತು.

“ನಿಮ್ಮ ಮಾವ ನಿಂತಾರೇನು?”

“ಹೂಂ ಅತ್ತಿ.”

“ಅವರನ್ನ ಮೊದಲ ಕುರ್ಚಿ ಮ್ಯಾಲೆ ಕೂಡಸು. ಆಮ್ಯಾಲೆ ಹೇಳು.”

ನಾನು ಕುರ್ಚಿ ಎಳೆದು ಮಾವನ ಹಿಂದೆ ಇಟ್ಟೆ.