ಮಾವನೆದುರು ಮೊದಲ ಬೆಸುಗೆ

ಗೇಟಿನ ಕೆಳಗಿನ ಕೀಲು ಮುರಿದ ದಿನವೇ ಗುಮಾಸ್ತರು ಊಟಕ್ಕೆ ಕೂತಲ್ಲಿಂದ ಘೋಷಿಸಿದರು: ಇನ್ನು ಈ ಮನೆಯ ಕಬ್ಬಿಣಕ್ಕೆ ಹೊರಗಿನವರ ಕೈ ಸೋಕಕೂಡದು. ವೆಲ್ಡಿಂಗ್ ಮಿಷನ್ ತಾವೇ ಕೊಳ್ಳುತ್ತಾರೆ, ತಾವೇ ಬೆಸೆಯುತ್ತಾರೆ.

"ಬೀದಿ ತುದಿಯ ವೆಲ್ಡರ್ ಇನ್ನೂರು ತಗೊಂಡು ಸರಿ ಮಾಡ್ತಾನಲ್ರೀ," ಎಂದಳು ಹೆಂಡತಿ.

"ಇನ್ನೂರಕ್ಕೆ ಗೇಟು ಸರಿಹೋಗುತ್ತೆ. ನಿಮ್ಮಪ್ಪನ ಮುಂದೆ ನನ್ನ ಮರ್ಯಾದೆ ಸರಿಹೋಗುತ್ತಾ?"

ರೋಗದ ಮೂಲ ಅಲ್ಲಿತ್ತು. ಮಾವ ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು. ಮದುವೆಯ ಮಾತುಕತೆಯ ದಿನ ಅಳಿಯನ ಅಂಗೈ ಹಿಚುಕಿ ನೋಡಿ, "ಹತ್ತಿ ಇದ್ದ ಹಾಗಿದೆ" ಎಂದಿದ್ದರು. ಇಪ್ಪತ್ತು ವರ್ಷವಾದರೂ ಆ ಹತ್ತಿ ಗುಮಾಸ್ತರ ಗಂಟಲಿನಿಂದ ಇಳಿದಿರಲಿಲ್ಲ. ಬರುವ ಭಾನುವಾರ ಮಾವ ಮನೆಗೆ ಬರುವವರಿದ್ದರು. ಹೆಂಡತಿ ನಿಟ್ಟುಸಿರಿಟ್ಟು ಹತ್ತು ಸಾವಿರ ಮಂಜೂರು ಮಾಡಿದಳು.

ಅಂಗಡಿಯಲ್ಲಿ ಗುಮಾಸ್ತರ ಕಣ್ಣು ಬಿದ್ದದ್ದು ಮೂಲೆಯಲ್ಲಿ ಚಕ್ರದ ಮೇಲೆ ನಿಂತಿದ್ದ ಒಂದು ದೈತ್ಯ ಮಿಷನ್ ಮೇಲೆ. ಸೆಕೆಂಡ್ ಹ್ಯಾಂಡ್, ಹತ್ತೇ ಸಾವಿರ.

"ಅದನ್ನ ಹಾಕಿದ್ರೆ ನಿಮ್ಮ ಮನೆ ಜೊತೆ ಬೀದಿ ದೀಪಾನೂ ಆರುತ್ತೆ ಸಾರ್," ಎಂದ ಅಂಗಡಿಯವ. "ಏನು ಬೆಸೀಬೇಕು?"

"ಸದ್ಯಕ್ಕೆ ಗೇಟು. ಮುಂದೆ ಸೇತುವೆ ಗೀತುವೆ ಬಂದ್ರೆ ನೋಡೋಣ."

ಅಂಗಡಿಯವ ಊಟದ ಡಬ್ಬಿಗಿಂತ ತುಸು ದೊಡ್ಡದಾದ ಇನ್ವರ್ಟರ್ ವೆಲ್ಡಿಂಗ್ ಮಿಷನ್ ಮುಂದಿಟ್ಟ. ಏಳು ಸಾವಿರ. "ಮನೆ ಪ್ಲಗ್ಗಿಗೇ ಓಡುತ್ತೆ. ಉಳಿದ ದುಡ್ಡಲ್ಲಿ ಹೆಲ್ಮೆಟ್ಟು, ಚರ್ಮದ ಗ್ಲೌಸು, ವೆಲ್ಡಿಂಗ್ ಕಡ್ಡಿ ತಗೊಳ್ಳಿ. ಮಿಷನ್ ಹೋದ್ರೆ ಇನ್ನೊಂದು ಕೊಡ್ತೀನಿ, ಕಣ್ಣು ಕೊಡೋಕಾಗಲ್ಲ."

ಶನಿವಾರವಿಡೀ ತುಂಡು ಕಬ್ಬಿಣದ ಮೇಲೆ ತಪಸ್ಸು ನಡೆಯಿತು. ಮೊದಲ ಕಡ್ಡಿ ಅಂಟಿಕೊಂಡಿತು, ಎರಡನೆಯದು ತೂತು ಕೊರೆಯಿತು, ಇಪ್ಪತ್ತನೆಯದು ಹೇಳಿದ ಮಾತು ಕೇಳಿತು. ಭಾನುವಾರ ಬೆಳಿಗ್ಗೆ ಒಳಗಿನಿಂದ ಗೇಟು ಮುಚ್ಚಿ, ಅಲುಗದಂತೆ ಇಟ್ಟಿಗೆ ಕೊಟ್ಟು, ರಣರಂಗಕ್ಕಿಳಿದರು. ಕೀಲಿನ ಮೇಲೆ, ಕೆಳಗೆ, ಸುತ್ತಲೂ, ಎಲ್ಲೂ ಜಿಪುಣತನ ತೋರದೆ ಬೆಸೆದರು. ಮೇಲೆ ಕಟ್ಟಿದ್ದ ಕರಿ ಪದರ ಉದುರಿಸಿ ಬ್ರಷ್ ಉಜ್ಜಿದಾಗ ಬೆಸುಗೆ ಹೆಣೆದ ಜಡೆಯಂತೆ ಹೊಳೆಯಿತು.

ಅಷ್ಟರಲ್ಲಿ ಮಾವ ಬಂದರು. ಗೇಟಿನಾಚೆಯೇ ನಿಂತು, ಕನ್ನಡಕ ಏರಿಸಿ, ಬಗ್ಗಿ, ಬೆಸುಗೆಯ ಮೇಲೆ ಉಗುರು ಎಳೆದರು.

"ಯಾರು ಮಾಡಿದ್ದು?"

"ನಾನೇ, ಮಾವ. ಏಳು ಸಾವಿರದ ಮಿಷನ್ನು."

"ಮಿಷನ್ ಆರಿಸಿದ್ದು ಸರಿಯಾಗಿದೆ. ಕೈಯೂ ಚೆನ್ನಾಗಿದೆ. ನಮ್ಮ ಕಾರ್ಖಾನೇಲಿ ಇಂಥ ಕೈ ನಾಲ್ಕೈದು ಇದ್ವು, ಅಷ್ಟೇ."

ಗುಮಾಸ್ತರ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸಿತು. ಅವರು ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿ, ಕೇಳಿಸಿತೇ ಎಂಬಂತೆ ಹುಬ್ಬೇರಿಸಿದರು.

ಮಾವ ಗೇಟು ತಳ್ಳಿದರು. ಅಲುಗಲಿಲ್ಲ. ಹೆಗಲು ಕೊಟ್ಟರು. ಜಪ್ಪಯ್ಯ ಅನ್ನಲಿಲ್ಲ. ಗುಮಾಸ್ತರು ಮುರಿದ ಭಾಗದ ಜೊತೆಗೆ, ಕೀಲು ತಿರುಗಬೇಕಾದ ಜಾಗವನ್ನೂ ಗಟ್ಟಿಯಾಗಿ ಬೆಸೆದುಬಿಟ್ಟಿದ್ದರು.

ಮಾವ ಸರಳುಗಳ ಸಂದಿಯಿಂದ ಇಣುಕಿದರು.

"ಅಳಿಯಂದ್ರೇ, ಇದರಲ್ಲಿ ತಪ್ಪು ಹುಡುಕೋಕೆ ಆಗಲ್ಲ. ನಾನೇನೋ ಹೊರಗಿದ್ದೀನಿ, ಹೀಗೇ ವಾಪಸ್ ಹೋಗ್ತೀನಿ. ನಾಳೆ ನೀವು ಆಫೀಸಿಗೆ ಹೇಗೆ ಹೋಗ್ತೀರಿ?"