ಮಾಸ್ಟಾರ ರಾಹುಕಾಲ

ಭಕ್ತರ ಸಹವಾಸ ಮಾಡಿದವರಿಗೆ ಪ್ರಸಾದವಾದರೂ ಸಿಗುತ್ತದೆ. ನಾಸ್ತಿಕರನ್ನು ಮೆಚ್ಚಿಕೊಂಡ ನನಗೆ ಸಿಕ್ಕಿದ್ದೆಲ್ಲ ಇಂಥ ಫಜೀತಿಗಳೇ. ನಿವೃತ್ತನಾದ ಮೇಲೆ ನಿಂತುಹೋಗುತ್ತವೇನೋ ಅಂದುಕೊಂಡಿದ್ದೆ. ನಿಂತಿಲ್ಲ, ಸದ್ಯ!

೧. ಆಣೆ

ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ವಿಜಯವಾಡಕ್ಕೆ ಎತ್ತಿಹಾಕಿದ ಹೊಸತು. ಗವರ್ನರ್‌ಪೇಟೆಯಲ್ಲಿ ಊರಿಗೆಲ್ಲ ಹೆಸರಾದ ನಾಸ್ತಿಕರೊಬ್ಬರ ಭಾಷಣವಿತ್ತು. ಗಣಿತ ಕಲಿಸಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ ‘ಮಾಸ್ಟಾರು’. ದೇವರನ್ನು ಬೈಯುತ್ತಾರೆ, ಗಲಾಟೆಯಾಗುತ್ತೆ ಅನ್ನೋ ಅನುಮಾನದಲ್ಲಿ ನಾನು ಬಾಗಿಲ ಪಕ್ಕದಲ್ಲೇ ಕೂತೆ.

ಬೈಯಲೇ ಇಲ್ಲ ಪುಣ್ಯಾತ್ಮ. “ದೇವರ ಮೇಲೆ ನನಗೇನೂ ಕೋಪ ಇಲ್ಲಂಡೀ. ಪರಿಚಯವೇ ಇಲ್ಲದವರ ಮೇಲೆ ಕೋಪ ಯಾಕೆ?” ಅಂದರು. ಸಭೆಯಲ್ಲಿದ್ದ ಭಕ್ತರೂ ನಕ್ಕರು.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. “ನಂಬೋಕಾಗಲ್ಲ. ದೇವರಿಲ್ಲ ಅಂತ ಆಣೆ ಮಾಡಿ, ನೋಡೋಣ!”

“ಮಾಡ್ತೀನಿ. ಯಾರ ಮೇಲೆ?”

ಹಿರಿಯರು ಸ್ವಲ್ಪ ಯೋಚಿಸಿ, “ನಿಮ್ಮಿಷ್ಟ. ಯಾವ ದೇವರಾದರೂ ಪರವಾಗಿಲ್ಲ” ಅಂದರು.

೨. ಮುಚ್ಚಿದ ಕೋಣೆ

ಮನೆಗೆ ಬಂದು ಮಾಸ್ಟಾರ ಗುಣಗಾನ ಮಾಡಿದೆ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಲೇ, “ಇಷ್ಟು ಸಮಾಧಾನವಾಗಿ ಮಾತಾಡೋರು ಪಕ್ಕಾ ನಾಸ್ತಿಕರಲ್ಲ ಕಣ್ರೀ. ಮನೇಲಿ ಕದ್ದು ದೀಪ ಹಚ್ತಾರೆ” ಅಂದಳು.

ಹುಳ ಬಿಟ್ಟಾಯಿತು. ಮಾಸ್ಟಾರ ಪರಿಚಯ ಮಾಡಿಕೊಂಡೆ. ಅವರ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಅಲ್ಲಿನ ಒಂದು ಕೋಣೆಯ ಮೇಲೆ. ಸದಾ ಮುಚ್ಚಿದ ಬಾಗಿಲು. ಒಂದು ದಿನ ಅವರು ನೀರು ತರಲು ಒಳಗೆ ಹೋದರು. ನಾನು ಮೆಲ್ಲಗೆ ಬಾಗಿಲು ತಳ್ಳಿದೆ. ದೇವರಿಲ್ಲ, ದೀಪವಿಲ್ಲ. ಕಪಾಟಿನ ತುಂಬ ಪಂಚಾಂಗ! ವರ್ಷಕ್ಕೊಂದರಂತೆ, ಅಂಚು ಸವೆದವು.

“ಏಮಂಡೀ, ಏನು ಹುಡುಕ್ತಿದ್ದೀರಿ?” ಹಿಂದೆಯೇ ಮಾಸ್ಟಾರು, ಕೈಯಲ್ಲಿ ಲೋಟ.

ನಾನು ಪಂಚಾಂಗ ತೋರಿಸಿದೆ.

“ಓ, ಅದಾ! ನಮ್ಮ ಸಭೆ, ಮದುವೆ ಎಲ್ಲಾ ರಾಹುಕಾಲದಲ್ಲೇ ಇಡೋದು. ಜನರ ಭಯ ಹೋಗಬೇಕಲ್ಲ? ಪಂಚಾಂಗ ನೋಡದೆ ರಾಹುಕಾಲ ಹೇಗೆ ಗೊತ್ತಾಗಬೇಕು? ಶನಿವಾರ ಒಂಬತ್ತರಿಂದ ಹತ್ತೂವರೆ ಅನ್ನೋದೆಲ್ಲ ಸೋಮಾರಿಗಳ ಲೆಕ್ಕ. ಅವತ್ತಿನ ಸೂರ್ಯೋದಯ ಹಿಡಿದು ನಿಮಿಷ ನಿಮಿಷ ಎಣಿಸಬೇಕು.”

ನಮ್ಮ ಮೈಸೂರಿನ ಪುರೋಹಿತರು ಯಾವ ಮುಹೂರ್ತಕ್ಕೂ ಇಷ್ಟು ಶ್ರದ್ಧೆಯಿಂದ ಪಂಚಾಂಗ ನೋಡಿದ್ದನ್ನು ನಾನು ಕಂಡಿಲ್ಲ.

೩. ಗೃಹಪ್ರವೇಶ

ಕೊನೆಯ ವರ್ಗಾವಣೆ ವಿಶಾಖಪಟ್ಟಣಕ್ಕೆ. ನಿವೃತ್ತಿಯಾದ ಮೇಲೆ ಅಲ್ಲೇ ಹತ್ತಿರದ ಭೀಮುನಿಪಟ್ಟಣದಲ್ಲಿ, ಸಮುದ್ರ ಕಾಣುವಂಥ ಒಂದು ಫ್ಲ್ಯಾಟು ಕೊಂಡೆ. ಪ್ರವೇಶ ರಾಹುಕಾಲದಲ್ಲೇ, ಮಾಸ್ಟಾರ ಸಮ್ಮುಖದಲ್ಲೇ ಅಂತ ಸಾರಿಬಿಟ್ಟೆ. ಹೆಂಡತಿ, “ಕೆಟ್ಟ ಘಳಿಗೇಲಿ ನಾನು ಆ ಮನೆಯೊಳಗೆ ಕಾಲಿಡಲ್ಲ. ನೀವು, ನಿಮ್ಮ ಮಾಸ್ಟಾರು ಸಂಸಾರ ಮಾಡ್ಕೊಳ್ಳಿ” ಅಂದಳು. ನಾನೂ ಬಿಡಲಿಲ್ಲ. ಹದಿನೈದು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಬೀಗದ ಕೈ ಮೊಳೆಗೆ ನೇತಾಡುತ್ತಲೇ ಇತ್ತು.

ಅಷ್ಟರಲ್ಲಿ ವಿಜಯವಾಡದಿಂದ ಮಾಸ್ಟಾರ ಕಾಗದ ಬಂತು: ಶನಿವಾರ ಒಂಬತ್ತು ಹನ್ನೆರಡರಿಂದ ಹತ್ತು ಮೂವತ್ತೆಂಟರವರೆಗೆ ರಾಹುಕಾಲ. ಹೆಂಡತಿ ಅದನ್ನು ಎರಡು ಸಲ ಓದಿದಳು. “ಆಯ್ತು, ಬರ್ತೀನಿ. ಆದರೆ ಬಂದವರಿಗೆ ತಿಂಡಿ ಕೊಟ್ಟ ಮೇಲೇ ಪ್ರವೇಶ” ಅಂದಳು. ಇಷ್ಟು ಸುಲಭಕ್ಕೆ ಒಪ್ಪುವ ಹೆಂಗಸಲ್ಲ. ನನಗೆ ಆಗಲೇ ಅನುಮಾನ.

ಶನಿವಾರ ಬೆಳಿಗ್ಗೆ ಮಾಸ್ಟಾರು ಬಂದಿಳಿದರು. ಹೊಸ ಫ್ಲ್ಯಾಟಿನ ಕೆಳಮನೆಯವರ ಅಡುಗೆಮನೆಯಲ್ಲಿ ಪೆಸರಟ್ಟು ಶುರುವಾಯಿತು. ಮಾಸ್ಟಾರು ಗಡಿಯಾರ ನೋಡುವುದು, ಅವಳು ಇನ್ನೊಂದು ಬಡಿಸುವುದು.

“ಚಾಲಮ್ಮಾ, ಸಾಕು, ಹೊತ್ತಾಗ್ತಿದೆ!”

“ಶುಂಠಿ ಚಟ್ನಿ ಮಿಕ್ಕಿದೆ ಮಾಸ್ಟಾರೂ. ಅದೂ ರಾಹುವಿನ ಪಾಲಾಗಬೇಕಾ?”

ಹತ್ತೂವರೆ ಆಗಿದ್ದೇ ತಡ, ಮಾಸ್ಟಾರು ಕೈತೊಳೆಯುವುದನ್ನೂ ಬಿಟ್ಟು, “ಬನ್ನಿ ಬನ್ನಿ, ಮುಹೂರ್ತ ಮೀರುತ್ತೆ!” ಅಂತ ಮೆಟ್ಟಿಲು ಹತ್ತಿದರು. ಬೇಕೆಂದೇ ಎಡಗಾಲಿಟ್ಟು ಒಳಗೆ ಹೋದರು. ಹಿಂದೆ ನಾನು. ನನ್ನ ಹಿಂದೆ ಹೆಂಡತಿ, ಬಲಗಾಲಿಟ್ಟು, ಮದುಮಗಳ ಹಾಗೆ.

“ನೋಡಿದಿರಾಮ್ಮಾ? ಇನ್ನೂ ಆರು ನಿಮಿಷ ಬಾಕಿ. ರಾಹುಕಾಲದಲ್ಲೇ ಬಂದಿರಿ. ಏನಾಯ್ತು?”

“ಯಾವ ರಾಹುಕಾಲ ಮಾಸ್ಟಾರೂ? ನಿಮ್ಮ ಲೆಕ್ಕ ವಿಜಯವಾಡದ ಸೂರ್ಯನದ್ದು. ನಮ್ಮ ವಿಶಾಖಪಟ್ಟಣದಲ್ಲಿ ಸೂರ್ಯ ಹತ್ತು ನಿಮಿಷ ಮುಂಚೆ ಹುಟ್ತಾನೆ. ಇಲ್ಲಿ ರಾಹುಕಾಲ ಆಗಲೇ ಮುಗೀತು. ಈಗ ಒಳ್ಳೆ ಘಳಿಗೆ.”

ಮಾಸ್ಟಾರು ಚೀಲದಿಂದ ಪಂಚಾಂಗ ತೆಗೆದರು. ಬೆರಳು ಮಡಿಚಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮುಖ ಕಪ್ಪಿಟ್ಟಿತು. “ಎಲ್ಲರೂ ಆಚೆ ಬನ್ನಿ! ಇದು ಲೆಕ್ಕಕ್ಕಿಲ್ಲ. ನಾಳೆ ಸಾಯಂಕಾಲ ರಾಹುಕಾಲದಲ್ಲಿ ಮತ್ತೆ ಪ್ರವೇಶ ಮಾಡೋಣ.”

ಹೆಂಡತಿ ಸೆರಗಿನಿಂದ ಕಿಟಕಿಯ ಧೂಳು ಒರೆಸುತ್ತಾ ಕೇಳಿದಳು: “ಯಾಕೆ ಮಾಸ್ಟಾರೂ, ಒಳ್ಳೆ ಘಳಿಗೇಲಿ ಬಂದರೆ ಏನಾದರೂ ಕೆಟ್ಟದಾಗುತ್ತೆ ಅಂತ ಭಯವೇ?”

ತುಂಬಿದ ಸಭೆಗಳಲ್ಲಿ ಒಂದು ಪ್ರಶ್ನೆಗೂ ತಡವರಿಸದ ಮಾಸ್ಟಾರು, ಪಂಚಾಂಗ ಮುಚ್ಚಿ, ಕಾಫಿ ಇದೆಯಾ ಅಂದರು.