ಟೆನ್ಷನರ್ ಹೋದ ಕಾರಲ್ಲಿ ಜಾನವಾಸ

ಡಾಕ್ಟರ್ ಹೇಳಿದ್ದನ್ನು ಜನ ಅರ್ಧವಾದರೂ ನಂಬುತ್ತಾರೆ. ಮೆಕ್ಯಾನಿಕ್ ಹೇಳಿದರೆ ಅದೂ ಇಲ್ಲ. ಚೆನ್ನೈನ ಕ್ರೋಂಪೇಟೆಯಲ್ಲಿ ನಾನು ಶೆಡ್ಡು ಹಾಕಿದಾಗಿನಿಂದ ಇದೇ ಪಾಡು. ಬ್ಯಾಂಕಿನಿಂದ ರಿಟೈರ್ ಆದ ನಮ್ಮ ಕನ್ನಡದ ಮಾಮ ಒಬ್ಬರು ಸಾಕು, ಉದಾಹರಣೆಗೆ.

೧. ಹೊಸ ಬೆಲ್ಟು

ಮಾಮನ ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಿರ್ರೋ ಅಂತ ಕಿರುಚುತ್ತಿತ್ತು.

"ಇನ್ನು ಆರು ತಿಂಗಳಿಗೆ ಮಗಳ ಮದುವೆ ಕಣಯ್ಯ. ಹುಟ್ಟಿದಾಗ ಅವಳನ್ನ ಆಸ್ಪತ್ರೆಯಿಂದ ಮನೆಗೆ ತಂದಿದ್ದು ಇದೇ ಕಾರಲ್ಲಿ. ಜಾನವಾಸಕ್ಕೆ ಅಳಿಯನೂ ಇದರಲ್ಲೇ ಬರಬೇಕು" ಅಂದರು.

ಜಾನವಾಸ ಅಂದರೆ ಮದುವೆಯ ಹಿಂದಿನ ಸಂಜೆ ವರನನ್ನು ಕಾರಲ್ಲಿ ಕೂರಿಸಿ ಛತ್ರಕ್ಕೆ ಮೆರವಣಿಗೆ ತರೋದು.

ಬಾನೆಟ್ ಎತ್ತಿ ತೋರಿಸಿದೆ. "ಮಾಮ, ಈ ಪುಟ್ಟ ಚಕ್ರ ಇದೆಯಲ್ಲ, ಇದೇ ಟೆನ್ಷನರ್ರು. ಒಳಗಿರೋ ಸ್ಪ್ರಿಂಗು ಬೆಲ್ಟನ್ನ ಬಿಗಿಯಾಗಿ ಹಿಡಿದಿರಬೇಕು. ಅದು ಸೋತಿದೆ, ಬೆಲ್ಟು ಜಾರ್ತಿದೆ."

"ಕಿರುಚ್ತಿರೋದು ಬೆಲ್ಟು ತಾನೆ? ಹೊಸದು ಹಾಕು, ಸಾಕು."

ಹಾಕಿದೆ. ವಾರ ಕಳೆಯಿತು, ಮತ್ತೆ ಕಿರ್ರೋ. ನಾನು ಫೋನ್ ಮಾಡಿ ವಿಚಾರಿಸಿದರೆ ಮಾಮನಿಗೆ ಗಾಬರಿಯೇ ಇಲ್ಲ. "ಹೊಸ ಚಪ್ಪಲಿ ಕಿರ್ ಅನ್ನಲ್ವೇನೋ? ಸವೆದರೆ ಸರಿಹೋಗುತ್ತೆ, ಬಿಡು."

೨. ಶನಿವಾರ

ಒಂದು ದಿನ ಬ್ಯಾಟರಿಯ ಕೆಂಪು ದೀಪ ಹತ್ತಿತು, ಎಸಿ ಬಿಸಿಗಾಳಿ ಬಿಟ್ಟಿತು. ಕಾರು ಮತ್ತೆ ನನ್ನ ಶೆಡ್ಡಿಗೆ ಬಂತು. ನೋಡ್ತೀನಿ, ಬೆಲ್ಟಿನ ತುಂಬಾ ಎಣ್ಣೆ! ಜಾರದೆ ಇನ್ನೇನು ಮಾಡುತ್ತೆ?

"ಅಯ್ಯೋ ರಾಮ, ಎಣ್ಣೆ ಹಾಕಿದ್ಯಾರು?"

ಜೊತೆಗೆ ಬಂದಿದ್ದ ಮಾಮಿ ಶಾಂತವಾಗಿ ಹೇಳಿದರು: "ನಾನೇಪ್ಪ. ಶನಿವಾರ ಇವರಿಗೆ ಎಣ್ಣೆ ನೀರು ಹಾಕಿದೆ, ಬಟ್ಟಲಲ್ಲಿ ಒಂಚೂರು ಮಿಕ್ಕಿತ್ತು. ಕಿರುಚಾಟ ಇಬ್ಬರದ್ದೂ ಒಂದೇ ಅಲ್ವಾ?"

ಎಣ್ಣೆಯಾದ ಬೆಲ್ಟು ಬದಲಾಯಿಸಿದೆ. ಟೆನ್ಷನರ್ ಮಾತೆತ್ತಿದೆ. "ಮದುವೆ ಮುಗೀಲಿ" ಅಂದರು ಮಾಮ.

೩. ಮೆರವಣಿಗೆ

ಜಾನವಾಸದ ದಿನ ಸ್ಟಿಯರಿಂಗ್ ನನ್ನ ಕೈಗೇ ಕೊಟ್ಟರು. ಹಿಂದೆ ಸೂಟು ತೊಟ್ಟ ಅಳಿಯ, ಮುಂದೆ ನಾದಸ್ವರ. ನಡಿಗೆಯ ವೇಗದಲ್ಲಿ ಹೋಗುತ್ತಾ ಹೋಗುತ್ತಾ ಬೆಲ್ಟಿನ ಕಿರುಚಾಟ ಜೋರಾಯಿತು. ನಾದಸ್ವರದವನು ತಿರುಗಿ, "ಸಾರ್, ಶ್ರುತಿ ಸೇರಲೈ!" ಅಂತ, ಶ್ರುತಿ ಸೇರ್ತಿಲ್ಲ ಎಂದು, ತಮಿಳಿನಲ್ಲಿ ರೇಗಿದ.

ಅಷ್ಟರಲ್ಲಿ ಫಟ್! ಬೆಲ್ಟು ಕಳಚಿ ಬಿತ್ತು. ಸ್ಟಿಯರಿಂಗ್ ಕಲ್ಲಾಯಿತು, ಇಂಜಿನ್ ಬಿಸಿಯೇರಿತು. ನಿಲ್ಲಿಸಿಬಿಟ್ಟೆ. ಛತ್ರ ಕಣ್ಣಿಗೆ ಕಾಣುತ್ತಿತ್ತು. ಮಾಮನ ಮುಖ ನೋಡಲಾಗದೆ ಇಳಿದು ಬಾನೆಟ್ ಎತ್ತಿದೆ.

ಅಳಿಯ ಇಳಿದು ಬಂದು, ಫೋನಿನ ಬೆಳಕು ಬಿಟ್ಟು, ಆ ಪುಟ್ಟ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿದರು. ಅದು ಲೊಟಲೊಟ ಅಂದಿತು.

"ಮಾವ, ಟೆನ್ಷನರ್ ಹೋಗಿದೆ, ಅಷ್ಟೇ. ನಾನು ಒಳಗೇ ಕೂತಿರ್ತೀನಿ, ತಳ್ಳಿಸಿ. ಇದೇ ಕಾರಲ್ಲೇ ಬರ್ತೀನಿ."

ರೇಷ್ಮೆ ಪಂಚೆ ಎತ್ತಿ ಕಟ್ಟಿ ಬೀಗರೆಲ್ಲ ಸೇರಿ ತಳ್ಳಿದರು. ಕಾರು ಛತ್ರದ ಬಾಗಿಲಿಗೆ ಬಂದು ನಿಂತಾಗ ಮಾಮ ಶಲ್ಯದಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದೆಯಾ ನಮ್ಮ ಅಳಿಯಂದಿರನ್ನ? ಒಂದೇ ನಿಮಿಷಕ್ಕೆ ಹೇಳಿಬಿಟ್ಟರು. ಆರು ತಿಂಗಳು ನಿನ್ನ ಹತ್ರ ಓಡಾಡಿದೆನಲ್ಲ, ಒಂದು ದಿನಾನಾದ್ರೂ ಟೆನ್ಷನರ್ ಅಂತ ಬಾಯಿ ಬಿಟ್ಟೆಯೇನಯ್ಯ?"